ಕಲ್ಲೇಶನ ಓದಿನ ತಿಂಗಳು

ಐವತ್ತು ದಾಟಿದ ಮೇಲೆ ಪುಸ್ತಕ ಹಿಡಿದವನನ್ನು ಊರು ಸುಮ್ಮನೆ ಬಿಡುವುದಿಲ್ಲ. ಎನ್.ಆರ್. ಪುರದ ಪೇಟೆಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟಿರುವ ಕಲ್ಲೇಶ್ ಗಲ್ಲಾಪೆಟ್ಟಿಗೆಯ ಮೇಲೆ ಕಾದಂಬರಿ ಬಿಡಿಸಿಕೊಂಡು ಕೂತದ್ದು ನೋಡಿ, ಏನ್ ಮಾರಾಯ, ಪರೀಕ್ಷೆ ಕಟ್ಟಿದೀಯಾ ಎಂದು ಕೇಳದ ಗಿರಾಕಿಯೇ ಇರಲಿಲ್ಲ. ಅವನು ಹಲ್ಲುಕಿರಿದು ವಾಷರ್ ಕಟ್ಟಿಕೊಡುತ್ತಿದ್ದ. ಹೆಂಡತಿ ಯಾಕೆ ಬಿಟ್ಟುಹೋದಳೆಂದು ಹುಡುಕುತ್ತಿದ್ದೇನೆ ಎಂದು ಗಿರಾಕಿಗೆ ಹೇಳುವುದಕ್ಕಾಗುತ್ತದೆಯೇ?

ಈಗ ಆ ಪುಸ್ತಕಗಳೆಲ್ಲ ಚೀಲದಲ್ಲಿ, ಚೀಲ ತೊಡೆಯ ಮೇಲೆ. ಬಸ್ಸು ಕೊಪ್ಪ ದಾಟಿ ಶೃಂಗೇರಿಯ ತಿರುವುಗಳಲ್ಲಿ ವಾಲುತ್ತಿತ್ತು. ಹೆಂಡತಿ ದಾಕ್ಷಾಯಿಣಿ ಏನು ಕೇಳಿದರೂ ಉತ್ತರ ತಯಾರಿರಲಿ ಎಂದು ಕಲ್ಲೇಶ್ ತಿಂಗಳ ಓದನ್ನೆಲ್ಲ ನೆನಪಿಗೆ ತಂದುಕೊಳ್ಳುತ್ತಿದ್ದ. ಅವಳನ್ನು ಹೇಗಾದರೂ ಮನೆಗೆ ಕರೆದುಕೊಂಡು ಬರಬೇಕಿತ್ತು.

ಅವಳು ಹೊರಟ ದಿನ ಅವನು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದ. ಬಾಗಿಲಲ್ಲಿ ನಿಂತು "ಹೋಗ್ತೀನಿ" ಎಂದಳು. "ಹ್ಞೂಂ" ಎಂದ. ಆ ಕಡೆ ಯಾವ ಮನೆಯಲ್ಲೂ ಹೊಸ್ತಿಲಲ್ಲಿ ನಿಂತು ಹೋಗ್ತೀನಿ ಎನ್ನುವುದಿಲ್ಲ. ಸಂತೆಗೆ ಹೊರಟವರೂ ಬರ್ತೀನಿ ಎಂದೇ ಹೇಳುತ್ತಾರೆ, ಒಳಗಿದ್ದವರು ಹೋಗಿ ಬನ್ನಿ ಎನ್ನುತ್ತಾರೆ. ಶೃಂಗೇರಿಯಲ್ಲಿ ಲಾಡ್ಜ್ ನಡೆಸುವ ತನ್ನ ಅಕ್ಕನ ಮನೆಯಿಂದ ಅವಳು ಫೋನ್ ಮಾಡಿ, ಇನ್ನು ವಾಪಸ್ಸು ಬರುವುದಿಲ್ಲ ಎಂದು ತಿಳಿಸಿದಾಗಲೇ ಅವನಿಗೆ ಆ ಮಾತು ಕಿವಿಯಲ್ಲಿ ಗುಂಯ್ ಎಂದದ್ದು. ಯಾಕೆಂದು ಕೇಳಿದ್ದಕ್ಕೆ, ಅದು ನಿಮಗೇ ಗೊತ್ತಾಗಬೇಕು ಎಂದಿದ್ದಳು.

ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಏನೂ ಗೊತ್ತಾಗಲಿಲ್ಲ. ಕುಡಿದವನಲ್ಲ, ಕೈ ಎತ್ತಿದವನಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು ಕಿಟಕಿಯ ಕಟ್ಟೆಯ ಮೇಲಿದ್ದ ಲೈಬ್ರರಿ ಪುಸ್ತಕಗಳು. ಈಚೆಗೆ ಊಟದ ಹೊತ್ತಿಗೆ ಅವಳ ಕೈಯಲ್ಲಿ ಯಾವುದಾದರೊಂದು ಪುಸ್ತಕ ಇದ್ದೇ ಇರುತ್ತಿತ್ತು. ಕಾರಣ ಇದರೊಳಗೇ ಇರಬೇಕೆಂದು ಪುಣ್ಯಾತ್ಮ ತೀರ್ಮಾನಿಸಿದ.

ಮೊದಲು ಹಿಮಾಲಯದ ಪ್ರವಾಸಕಥನ ಓದಿದ. ಅವಳನ್ನು ಎಲ್ಲಿಗೂ ಕರೆದುಕೊಂಡು ಹೋಗಿಲ್ಲವಲ್ಲ ಎಂದು ಹಣೆ ಹಣೆ ಚಚ್ಚಿಕೊಂಡ. ಆಮೇಲೆ ಜೇನು ಸಾಕಣೆಯದ್ದು. ಮರುದಿನವೇ ಒಂದು ಜೇನುಪೆಟ್ಟಿಗೆ ತಂದು ಹಿತ್ತಲಲ್ಲಿಟ್ಟ. ಇರುವೆ ಬಂದವು, ಜೇನು ಬರಲಿಲ್ಲ. ಪತ್ತೇದಾರಿ ಕಾದಂಬರಿಯ ಕೊನೆಯ ಹಾಳೆಗಳನ್ನು ಯಾರೋ ಹರಿದಿದ್ದರು. ಕೊಲೆಗಾರ ಯಾರೆಂದು ತಿಳಿಯದೆ, ನಾನೇ ಇರಬೇಕು ಅನ್ನಿಸಿಬಿಟ್ಟಿತು. ಉಪ್ಪಿನಕಾಯಿ ಪುಸ್ತಕ ಓದಿ ಹಸಿವಾಯಿತು, ಅಷ್ಟೆ. ದಪ್ಪ ಕಾದಂಬರಿಯೊಂದರಲ್ಲಿ ನಾಯಕಿ ಬಾವಿಗೆ ಬಿದ್ದ ಪುಟಕ್ಕೆ ಬಂದಾಗ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಅತ್ತ. ದಾಕ್ಷಾಯಿಣಿಗಾಗಿ ಅವನು ಅತ್ತದ್ದು ಅದೇ ಮೊದಲು, ಅದೂ ಇನ್ನೊಬ್ಬಳ ಹೆಸರಿನಲ್ಲಿ.

ಲಾಡ್ಜಿನ ಕೌಂಟರಿನಲ್ಲಿ ಅವಳು ಹೊಸ ಕನ್ನಡಕ ಹಾಕಿಕೊಂಡು ಕೂತಿದ್ದಳು. ಕಾಫಿ ತರಿಸಿದಳು. ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ ತಾನೇ ಎಂದು ವಿಚಾರಿಸಿದಳು. ಅಷ್ಟಕ್ಕೇ ಕಲ್ಲೇಶನಿಗೆ ಆಸೆ ಚಿಗುರಿತು. ಪುಸ್ತಕಗಳನ್ನು ಒಂದೊಂದಾಗಿ ತೆಗೆದಿಟ್ಟು, ಹಿಮಾಲಯಕ್ಕೆ ಹೋಗೋಣವೆಂದ. ಜೇನುಪೆಟ್ಟಿಗೆಯ ವಿಷಯ ಹೇಳಿದ. ಬಾವಿಗೆ ಬಿದ್ದವಳ ವಿಷಯಕ್ಕೆ ಬಂದಾಗ ಆ ಪುಟವನ್ನೇ ಬಿಡಿಸಿ ಅವಳ ಮುಂದಿಟ್ಟ.

"ಎಲ್ಲಾ ಓದಿದೆ ಕಣೇ. ನಿನ್ನ ಮನಸ್ಸು ಈಗ ಗೊತ್ತಾತು."

ದಾಕ್ಷಾಯಿಣಿ ಮೇಲಿನ ಪುಸ್ತಕದ ರಟ್ಟನ್ನು ಸವರಿದಳು. "ಇದ್ರಲ್ಲಿ ಒಂದನ್ನೂ ನಾನು ಓದಿಲ್ಲ ರೀ. ಎರಡು ವರ್ಷದಿಂದ ಸಣ್ಣಕ್ಷರ ಕಾಣ್ತಿರ್ಲಿಲ್ಲ. ಲೈಬ್ರರೀಲಿ ಕೈಗೆ ಸಿಕ್ಕಿದ್ದು ತರ್ತಿದ್ದೆ. ಎಂತ ಓದ್ತಿದೀಯ ಅಂತ ಒಂದ್ಸಲ ಕೇಳ್ತೀರೇನೋ ಅಂತ ನಿಮ್ಮ ಎದುರಿಗೆ ಹಿಡ್ಕಂಡು ಕೂರ್ತಿದ್ದೆ. ಒಂದಿನ ಬೇಕಂತ್ಲೇ ತಲೆಕೆಳಗಾಗಿ ಹಿಡ್ಕಂಡಿದ್ದೆ. ನೀವು ಮಜ್ಜಿಗೆ ಹಾಕು ಅಂದ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಲ್ಲೇಶ್ ಬದುಕಿಕೊಳ್ಳುತ್ತಿದ್ದ; ಸಿಟ್ಟನ್ನು ಇಳಿಸಬಹುದು. ತಿಂಗಳಿಡೀ ಓದಿದ್ದೆಲ್ಲ ಒಂದೇ ಏಟಿಗೆ ಮಣ್ಣುಪಾಲಾಯಿತು. ಆದರೂ ಜೀವ ಗಟ್ಟಿ ಮಾಡಿಕೊಂಡು ಕೇಳಿದ.

"ಈಗ ಎಂತ ಓದ್ತಿದೀಯ?"

"ಎಂತದೂ ಇಲ್ಲ. ಇಲ್ಲಿ ಬಂದೋರು ಹೋದೋರು ಮಾತಾಡಿಸ್ತಾರೆ. ಪುಸ್ತಕ ಬೇಕಾಗಲ್ಲ."

ಇವನ್ನು ಲೈಬ್ರರಿಗೆ ಕೊಟ್ಟುಬಿಡಿ ಎಂದು ಅವಳೇ ಪುಸ್ತಕಗಳನ್ನು ಚೀಲಕ್ಕೆ ತುಂಬಿದಳು. ಅಷ್ಟರಲ್ಲಿ ಯಾತ್ರಿಕರ ಗುಂಪೊಂದು ರೂಮು ಕೇಳಿಕೊಂಡು ಒಳಗೆ ಬಂತು. ಕಲ್ಲೇಶ್ ಎದ್ದ.

"ಬರ್ತೀನಿ" ಎಂದ.

"ಹ್ಞೂಂ, ಹೋಗಿ" ಎಂದಳು.

ಹೊರಗಿನ ಮೆಟ್ಟಿಲ ಮೇಲೆ ಒಂದು ಚಪ್ಪಲಿ ಮೆಟ್ಟಿ ಅವನು ನಿಂತ. ಹೋಗಿ ಎಂದದ್ದರ ಹಿಂದೆ ಉಳಿದ ಮಾತೊಂದು ಬರಲೆಂದು ಕಾದ. ಒಳಗೆ ಅವಳು ಬೆಳಗ್ಗೆ ಬಿಸಿನೀರು ಎಷ್ಟು ಹೊತ್ತಿಗೆ ಬಿಡುತ್ತಾರೆಂದು ಯಾತ್ರಿಕರಿಗೆ ಹೇಳುತ್ತಿದ್ದಳು. ಅವನು ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡ.