ಅತ್ತಿಗೆಯ ಲೆಟಿಸ್ ಸೊಪ್ಪು

ನನ್ನ ಗಂಡನ ಅಕ್ಕನಿಗೆ, ಅಂದರೆ ನಮ್ಮ ಅತ್ತಿಗೆಗೆ, ಮದುವೆಯಾಗಲಿಲ್ಲ. ಮನೆಯ ಹಿಂದಿನ ಕೋಣೆ ಅವರದು, ಹಿತ್ತಲೂ ಅವರದೇ. ಆ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ತೆರೆಯಬೇಕೆಂದು ನಾನು ಗಂಡನ ತಲೆ ತಿಂದದ್ದಕ್ಕೆ ಲೆಕ್ಕವಿಲ್ಲ.

“ಅಕ್ಕನ ಬುದ್ಧಿ ನೆಟ್ಟಗಿರೋ ತನಕ ಆ ಮಾತೇ ಎತ್ಬೇಡ,” ಎನ್ನುತ್ತಿದ್ದ. “ಅಂಥ ಲೆಟಿಸ್ ಬೆಳೆಯೋಕೆ ಇನ್ಯಾರಿಗೆ ಬರುತ್ತೆ?”

ಯಾರಿಗೂ ಬರುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ಹಸಿಯಾಗಿಯೇ ತಿನ್ನುವ ಸೊಪ್ಪು ಅದು; ಅತ್ತಿಗೆಯ ಲೆಟಿಸ್ ಕಚ್ಚಿದರೆ ಕರಕರ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಹೇಗೆ ಬೆಳೆಯುತ್ತಾರೆಂದು ಮಾತ್ರ ಯಾರ ಮುಂದೆಯೂ ಬಾಯಿ ಬಿಟ್ಟವರಲ್ಲ. ಉಗುರಿನ ಬಣ್ಣ ಕೆಡುತ್ತದೆಂದು ನಾನೂ ಹಿತ್ತಲಿನ ಆ ಸೊಪ್ಪಿನ ಮಡಿಗಳ ಹತ್ತಿರ ಸುಳಿದವಳಲ್ಲ.

ಬಚ್ಚಲಲ್ಲಿ ಜಾರಿ ಬಿದ್ದು ಅತ್ತಿಗೆ ಮಂಡಿ ಉಳುಕಿಸಿಕೊಂಡರು ನೋಡಿ, ಹಿತ್ತಲು ನನ್ನ ಕುತ್ತಿಗೆಗೆ ಬಂತು. ಮಲಗಿದಲ್ಲಿಂದಲೇ ಪಾಠ ಹೇಳಿದರು.

“ಮಡಿ ಮೇಲಿನ ಹಸಿರು ಪರದೆ ತೆಗೆದ್ಬಿಡು, ಬಿಸಿಲು ಚೆನ್ನಾಗಿ ಬೀಳ್ಲಿ. ನಡುವಿನ ಕಾಂಡ ಎದ್ದು ಗಿಡ ಉದ್ದ ಆಗೋ ತನಕ ಮುಟ್ಬೇಡ. ಮಟಮಟ ಮಧ್ಯಾಹ್ನ ಕೊಯ್ದ್ರೇನೇ ಗರಿಗರಿ.”

ಮುಖದಲ್ಲಿ ಎಂಥ ಅಕ್ಕರೆ! ಪೆದ್ದಿ ನಾನು, ಹೇಳಿದ ಹಾಗೇ ಮಾಡಿದೆ. ಗಿಡಗಳು ಮೊಣಕಾಲುದ್ದ ಎದ್ದವು.

ಭಾನುವಾರ ನನ್ನ ಗಂಡನ ಚಿಕ್ಕಪ್ಪ ಊಟಕ್ಕೆ ಬರುವವರಿದ್ದರು. ಅವರು ಹಾಕಿದ ಗೆರೆ ನನ್ನ ಗಂಡ ದಾಟುವವನಲ್ಲ. ಮಧ್ಯಾಹ್ನ ಸೊಪ್ಪು ಕೊಯ್ದೆ. ಎಲೆಗಳು ಹಿಂಡಿದ ಬಟ್ಟೆಯ ಹಾಗೆ ಜೋತುಬಿದ್ದವು. ಒಂದು ಚೂರು ಬಾಯಿಗಿಟ್ಟೆ. ಥೂ! ಕಹಿ ನೆತ್ತಿಗೇರಿತು. ಆಗ ಹೊಳೆಯಿತು ಅತ್ತಿಗೆಯ ಸಂಚು. ನನ್ನ ಕೈಯಲ್ಲಿ ಕೆಡಬೇಕು, ಎಲ್ಲರೂ ಛೀ ಅನ್ನಬೇಕು, ಅಕ್ಕ ಇಲ್ಲದೆ ಆಗದು ಎಂದು ತಮ್ಮ ಹೇಳಬೇಕು. ಎಲಾ ಇವಳಾ! ಸೊಪ್ಪನ್ನು ಕಸಕ್ಕೆ ಎಸೆಯಲು ಎದ್ದವಳು ಹಾಗೇ ನಿಂತೆ. ಆಮೇಲೆ ತೊಳೆದು, ದೊಡ್ಡ ತಟ್ಟೆಯಲ್ಲಿ ಅಂದವಾಗಿ ಜೋಡಿಸಿದೆ.

ಅತ್ತಿಗೆಯೂ ಕುಂಟುತ್ತಾ ಬಂದು ಊಟಕ್ಕೆ ಕೂತರು. ಚಿಕ್ಕಪ್ಪ ಒಂದು ಎಲೆ ಅಗಿದು ಅಂಗೈಗೆ ಉಗುಳಿದರು. “ಏನಮ್ಮಾ ಇದು, ವಿಷ!”

“ಅತ್ತಿಗೆ ಹೇಳಿಕೊಟ್ಟ ಹಾಗೇ ಮಾಡಿದ್ದು ಮಾವ. ಪರದೆ ತೆಗಿ, ಉದ್ದ ಬೆಳೆಸು, ಮಧ್ಯಾಹ್ನ ಕೊಯ್ಯಿ ಅಂದ್ರು. ಅಲ್ವಾ ಅತ್ತಿಗೆ?”

“ಅಕ್ಕ ಹಾಗೆ ಹೇಳ್ತಾಳಾ?” ಎಂದ ನನ್ನ ಗಂಡ. “ಆ ಪರದೆ ಕಟ್ಟಿದವಳೇ ಅವಳು. ಬೆಳಗಾಗ್ತಿದ್ದ ಹಾಗೇ ಕೊಯ್ತಿದ್ದವಳು!”

ಎಲ್ಲರ ಕಣ್ಣೂ ಅತ್ತಿಗೆಯ ಮೇಲೆ. ಬೇಕೆಂದೇ ಸುಳ್ಳು ಹೇಳಿದೆ ಎಂದು ತಮ್ಮನ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಅವರು ಪ್ರಾಣ ಬಿಟ್ಟಾರು. ನನಗೆ ಕುಣಿಯುವಷ್ಟು ಖುಷಿ.

“ಬೇಕಂತ ಹೇಳಿರ್ತೀರಾ? ಛೆ ಛೆ,” ಎಂದೆ. “ಮರ್ತುಹೋಗಿರ್ಬೇಕು, ಅಲ್ವಾ?”

ಅತ್ತಿಗೆ ಸೊಪ್ಪನ್ನು ತಟ್ಟೆಯಂಚಿಗೆ ಸರಿಸಿದರು. “ಹೂಂ. ಮರ್ತೋಯ್ತು.”

ಚಿಕ್ಕಪ್ಪ ನಿಟ್ಟುಸಿರು ಬಿಟ್ಟರು. “ನಮ್ಮಮ್ಮನಿಗೂ ಹೀಗೇ ಶುರುವಾಯ್ತು ಕಣೋ. ಮೊದಲು ಕೈಯಲ್ಲಿದ್ದ ಕೆಲಸ ಮರೀತಾರೆ, ಆಮೇಲೆ ಮನುಷ್ಯರನ್ನ. ನೋಡ್ಕೊಳ್ಳೋ ಜನ ಇರೋ ಕಡೆ ಸೇರಿಸ್ಬಿಡು.”

ನನ್ನ ಗಂಡ ಕುರ್ಚಿ ಎಳೆದುಕೊಂಡು ಅಕ್ಕನ ಎದುರು ಕೂತ. ಎಳೆ ಮಗುವಿಗೆ ಹೇಳುವ ಹಾಗೆ ದನಿ ಎತ್ತಿ, ಒಂದೊಂದೇ ಮಾತು ಬಿಡಿಸಿ ಕೇಳಿದ. “ಅಕ್ಕಾ, ಇಲ್ಲಿ ನೋಡು. ನಾನು ಯಾರು ಹೇಳು?”

ಅತ್ತಿಗೆ ನನ್ನತ್ತ ನೋಡಿದರು. ನಾನು ಅವರ ತಟ್ಟೆಗೆ ಇನ್ನೊಂದು ಹಿಡಿ ಸೊಪ್ಪು ಬಡಿಸಿದೆ.

“ನನ್ನ ತಮ್ಮ,” ಎಂದರು.

“ಜಾಣೆ!” ಎಂದು ನನ್ನ ಗಂಡ ಅವರ ತಲೆ ಸವರಿದ.