ಉಪ್ಪು ಬೆರೆಸಿದ ಐಸು

ದೇವು ಚಟ್ಟದ ಬಿದಿರಿಗೆ ಮೂರನೇ ಸಲ ಹಗ್ಗ ಬಿಗಿದ. ಹಗ್ಗ ಗಟ್ಟಿಯಾಗಿಯೇ ಇತ್ತು. ಅವನ ಸಿಟ್ಟಿಗೆ ಬೇರೆ ಕೆಲಸವಿರಲಿಲ್ಲ. ಜಗಲಿಯ ಮೇಲೆ ತಮ್ಮ ಈರನ ಹೆಣ. ಇಪ್ಪತ್ನಾಲ್ಕು ವರ್ಷ. ಬಾಡ ಊರಿನಲ್ಲಿ ಅವನಷ್ಟು ಚುರುಕಾಗಿ ಬಲೆ ಹೆಣೆಯುವವರಿರಲಿಲ್ಲ. ಮೂರು ವರ್ಷದ ಹಿಂದೆ ಕೈ ನಡುಗತೊಡಗಿದಾಗ ಊರವರು ಕುಡುಕ ಎಂದರು. ಈರ ಒಂದು ದಿನವೂ ಕುಡಿದವನಲ್ಲ.

ಕುಮಟೆಯಿಂದ ಬಂದ ಡಾಕ್ಟರು ತಾಯಿ ದುರ್ಗಮ್ಮನ ಹತ್ತಿರ ಕೂತರು.

"ಇವತ್ತು ಹೇಳ್ಬಾರ್ದು, ಆದ್ರೂ ಹೇಳ್ತೇನೆ. ಈ ರೋಗ ಒಡಹುಟ್ಟಿದವ್ರಿಗೂ ಇರಬಹುದು. ದೇವುಂದು, ನಿಮ್ಮ ಮಗಳು ಗಂಗೆದು ರಕ್ತ ನೋಡ್ಬೇಕು. ಮೊದ್ಲೇ ಗೊತ್ತಾದ್ರೆ ಮಾತ್ರೆ ಉಂಟು."

"ನಂದು ಈಗ್ಲೇ ತೆಗೀರಿ," ಎಂದ ದೇವು.

"ಗಂಗಿಗೆ ಎಂತದೂ ಆಗ್ಲಿಲ್ಲ," ದುರ್ಗಮ್ಮ ಸಿಡುಕಿದಳು. "ಮುಂದಿನ ತಿಂಗ್ಳು ಹೊನ್ನಾವರದವ್ರು ಹೆಣ್ಣು ನೋಡೂಕೆ ಬರ್ತ್ರು. ರೋಗ ಅಂದ್ರೆ ಯಾರು ಮದಿ ಆಗ್ತ್ರು? ಈರನ ರಕ್ತ ತೆಗದ್ರಲ್ಲ, ಅಂವ ಉಳದ್ನಾ?"

"ಅದು ನನ್ನ ತಪ್ಪು ಅವ್ವೀ!" ದೇವು ಕೂಗಿದ.

* * *

ಹಿಂದಿನ ವರ್ಷ, ೧೯೮೩ರಲ್ಲಿ, ಡಾಕ್ಟರು ಈರನ ಕಣ್ಣಿನಲ್ಲಿ ಕಂದು ಉಂಗುರ ಕಂಡಿದ್ದರು. ಮೈಯಲ್ಲಿ ತಾಮ್ರ ಕೂಡಿ ಮಿದುಳು ಕೆಡಿಸುವ ರೋಗದ ಗುರುತು ಅದು. ಖಚಿತಪಡಿಸುವ ಹೊಸ ರಕ್ತಪರೀಕ್ಷೆ ಬೊಂಬಾಯಿಯಲ್ಲಿತ್ತು; ಅದರ ಉತ್ತರ ಬಾರದೆ ಮಾತ್ರೆ ಶುರುಮಾಡುವಂತಿರಲಿಲ್ಲ. ರಕ್ತವನ್ನು ತಣ್ಣಗಿಟ್ಟು ಕಳಿಸಿ ಎಂದರು. ತಣ್ಣಗಿಡುವುದನ್ನು ಮೀನಿನವನಿಗೆ ಯಾರು ಕಲಿಸಬೇಕು? ದೇವು ಬಂಗಡೆ ಪೆಟ್ಟಿಗೆಯಲ್ಲಿ ಐಸು ಪುಡಿಮಾಡಿ, ಇನ್ನಷ್ಟು ತಂಪಾಗಲೆಂದು ಹಿಡಿಹಿಡಿ ಉಪ್ಪು ಬೆರೆಸಿ, ನಡುವೆ ಸೀಸೆ ಹೂತು ಬಸ್ಸಿಗೆ ಹಾಕಿದ. ಉಪ್ಪಿನ ಆ ಅತಿ ತಂಪಿಗೆ ರಕ್ತ ಕಲ್ಲಾಗಿ, ಕರಗಿದಾಗ ಕೆಟ್ಟುಹೋಗಿತ್ತು. ಮತ್ತೆ ಕಳಿಸಿ ಎಂಬ ಕಾಗದ ಬರಲು ಎರಡು ತಿಂಗಳು. ಎರಡನೇ ಸಲದ ಉತ್ತರ ಬಂದಾಗ ಈರನಿಗೆ ನೀರೂ ಗಂಟಲಿಳಿಯುತ್ತಿರಲಿಲ್ಲ. ಎಲ್ಲರೂ ಕಾದದ್ದೇ ಕಾದದ್ದು, ರೋಗವೊಂದು ಕಾಯಲಿಲ್ಲ.

* * *

ಈರನ ಬಾಯಿಗೆ ಕಡೆಯ ಅಕ್ಕಿ ಹಾಕಲು ತಂಗಿ ಗಂಗೆಯನ್ನು ಕರೆದರು. ಅವಳು ಅಣ್ಣನ ತುಟಿಯ ಮೇಲೆ ಕೈ ಹಿಡಿದಳು. ಅಕ್ಕಿ ಕೆನ್ನೆಯ ಮೇಲೆ ಚೆಲ್ಲಿತು. ಇನ್ನೊಮ್ಮೆ ಹಿಡಿದಳು. ಕಿವಿಯ ಹತ್ತಿರ ಬಿತ್ತು.

"ಪಾಪ, ದುಃಖಕ್ಕೆ ಕೈ ನಡುಗ್ತದೆ," ಎಂದಳು ನೆರೆಮನೆಯ ನಾಗಿ.

"ದುಃಖಕ್ಕಲ್ಲ," ಗಂಗೆ ತಲೆ ಎತ್ತಲಿಲ್ಲ. "ದೀಪಾವಳಿಯಿಂದ ಹಿಂಗೇಯ. ಮುಚ್ಚಿಟ್ಕಂಡಿದ್ದೆ."

ದುರ್ಗಮ್ಮ ಎದ್ದು ಬಂದು ಮಗಳ ಕೈ ಹಿಡಿದಳು. ಗಾಜಿನ ಬಳೆಗಳನ್ನೆಲ್ಲ ಮೊಣಕೈವರೆಗೆ ನೂಕಿ, ಅಕ್ಕಿಕಾಳು ಅಂಟಿದ್ದ ಆ ಕೈಯನ್ನು ಡಾಕ್ಟರ ಮುಂದೆ ಚಾಚಿ ಹಿಡಿದಳು.