ಘಮಘಮಿಸುವ ಹಾರ

ನಮ್ಮ ಥಾಯ್ ನಾಡಿನ ಲಿಕೇ ನಾಟಕದಲ್ಲಿ ರಾಜಕುಮಾರನ ಪಾತ್ರ ಮಾಡುವ ತಾವೀಪ್ ಆತ್ಮಕಥೆ ಬರೆದಾಗ ಆಂಗ್ ಥೋಂಗ್ ಸಂತೆಯಲ್ಲಿ ಪುಸ್ತಕ ಮುಟ್ಟದವರೂ ಅದನ್ನು ಕೊಂಡರು. ನಾನೂ ಕೊಂಡೆ. ಓದಿದ್ದು ಒಂದೇ ಪುಟ, ಮತ್ತೆ ಮತ್ತೆ.

ನಾಟಕಕ್ಕೆ ಸೇರಿದ ಮೊದಲ ವರ್ಷ ನಮ್ಮೂರ ಬೌದ್ಧ ವಿಹಾರದ ಬಯಲಲ್ಲಿ ಆಡುವಾಗ ಅವನ ಗಂಟಲು ಕೈಕೊಟ್ಟಿತ್ತಂತೆ. ಜನ ಏಳತೊಡಗಿದರಂತೆ. ಆಗ ಮುಂದಿನ ಸಾಲಿನಿಂದ ಒಬ್ಬ ತಾಯಿ ಬಂದು ಕೊರಳಿಗೆ ‘ಘಮಘಮಿಸುವ ಹಾರ’ ಹಾಕಿದಳಂತೆ, ದನಿ ಮರಳಿತಂತೆ. ಅವಳ ಹೆಸರು ಗೊತ್ತಿಲ್ಲ ಎಂದು ಬರೆದಿದ್ದಾನೆ.

ಮೆಚ್ಚಿದ ನಟನನ್ನು ಮಗನೆಂದುಕೊಂಡು ಹಾರ ಹಾಕದ ಹೆಂಗಸು ನಮ್ಮಲ್ಲಿಲ್ಲ. ಹಾಗಾಗಿ ಆ ತಾಯಿ ತಾನೇ ಎಂದು ಅರ್ಧ ಸಂತೆ ಹೇಳಿಕೊಂಡಿತು. ನಾನೂ ಎಷ್ಟು ಸಲ ಹಾಕಿದ್ದೇನೋ. ನಾನು ಹೂ ಮಾರುವವಳು, ಘಮಘಮ ಅಂದಮೇಲೆ ನಾನಲ್ಲದೆ ಇನ್ಯಾರು? ಎದುರಂಗಡಿಯ ಒಣಮೀನಿನ ಸಮ್ನಿಯಂಗ್ ಮಾತ್ರ ಒಪ್ಪಲಿಲ್ಲ. ಹಾಕಿದ್ದು ನಾನೇ, ಗಂಡ ತೀರಿಕೊಂಡ ವರ್ಷ ಅದು, ಮರೆಯೋದುಂಟಾ ಅಂದಳು.

“ಮೀನು ಮುಟ್ಟೋ ಕೈಗೆ ಘಮಘಮ ಬೇರೆ ಕೇಡು” ಎಂದುಬಿಟ್ಟೆ.

ಅಷ್ಟೇ. ಒಂದೇ ಚಾಪೆಯಲ್ಲಿ ಕೂತು ನಾಟಕ ನೋಡುತ್ತಿದ್ದವರು ಮಾತು ಬಿಟ್ಟೆವು. ಆಮೇಲೆ ಯಾವ ನಾಟಕವೂ ರುಚಿಸಲಿಲ್ಲ. ಯಾರ ತೊಡೆ ತಟ್ಟಿ ನಗಲಿ?

ತಾವೀಪ್ ಪುಸ್ತಕಕ್ಕೆ ರುಜು ಹಾಕಲು ಸಂತೆಗೆ ಬಂದ. ನಾನು ಸಾಲಿನಲ್ಲಿ ನಿಂತೆ. ನನ್ನ ಹಿಂದೆಯೇ, ಮುಖ ತಿರುಗಿಸಿಕೊಂಡು, ಅವಳು. ಸರದಿ ಬಂದಾಗ ಆ ತಾಯಿ ಯಾರೆಂದು ಕೇಳಿಯೇಬಿಟ್ಟೆ.

ದೀಪ ಕಣ್ಣಿಗೆ ಹೊಡೀತಿತ್ತು, ಮುಖ ಕಾಣಲಿಲ್ಲ ಎಂದ. ಆಮೇಲೆ ನಕ್ಕ.

“ಪುಸ್ತಕದವರು ಚೆಂದ ಮಾಡಿ ಬರೆದ್ರು, ಅಮ್ಮಾ. ನಿಜ ಹೇಳ್ಲಾ? ಆ ಹಾರ ಒಣಮೀನು ನಾರ್ತಿತ್ತು. ತಡೀಲಾರದೆ ನಕ್ಕುಬಿಟ್ಟೆ, ಗಂಟಲು ಬಿಟ್ಕೊಳ್ತು. ಇಲ್ದಿದ್ರೆ ಅವತ್ತೇ ನಾಟಕ ಬಿಟ್ಟು ಊರಿನ ಬಸ್ಸು ಹತ್ತಿರ್ತಿದ್ದೆ.”

ಇಡೀ ಸಾಲು ತಿರುಗಿ ನೋಡಿತು. ಸಮ್ನಿಯಂಗ್ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ತಾವೀಪ್ ಎದ್ದು ಬಂದು, ಅವಳೆದುರು ಮಂಡಿಯೂರಿ, ಆ ಕೈಗಳನ್ನು ಕೇಳಿ ಪಡೆದು ಹಣೆಗೊತ್ತಿಕೊಂಡ.

ಸೋತೆ ಅನ್ನಿಸಬೇಕಿತ್ತು, ಎದೆ ಹಗುರಾಯಿತು. ಇಷ್ಟು ವರ್ಷ ನಾವೆಲ್ಲ ಅತ್ತು ನಕ್ಕ ನಾಟಕಗಳನ್ನು ಉಳಿಸಿಕೊಟ್ಟವಳು ನನ್ನ ಪಕ್ಕದಲ್ಲೇ ಕೂತಿದ್ದಳಲ್ಲ.

“ಹೋಗೇ, ಮೊದಲು ನೀನು ಬರೆಸ್ಕೋ” ಎಂದು ಅವಳನ್ನು ಮುಂದೆ ತಳ್ಳಿದೆ.

ಅವಳು ಮೂಗೊರೆಸಿಕೊಂಡು ನನ್ನ ರಟ್ಟೆ ಹಿಡಿದೆಳೆದಳು. “ನೀನೂ ಬಾರೇ. ಆ ಹಾರದ ಹೂವು ಯಾರಂಗಡೀದು ಅಂತಾನೂ ಬರೀಲಿ.”